ಸ್ವೆಟರು ಬಿಚ್ಚದ ಬೇಸಿಗೆ

ನಾಶಿಕದ ಹತ್ತಿರದ ದೇವಳಾಲಿಯ ಸೇನಾ ಕ್ಯಾಂಪಿನ ನಮ್ಮ ಮನೆಯಲ್ಲಿ ಎರಡೇ ಕೋಣೆಗಳಿದ್ದವು. ಕುರ್ಚಿ ಒಂದೂ ಇರಲಿಲ್ಲ, ಆದರೆ ಬಂದವರಿಗೆ ಕೂರಲು ಯಾವತ್ತೂ ಕೊರತೆಯಾಗಲಿಲ್ಲ, ಯಾಕೆಂದರೆ ನಾವೆಲ್ಲ ಅಂಗಡಿಯ ಸರಕಿನ ಮೇಲೆಯೇ ಕೂರುತ್ತಿದ್ದೆವು. ಭಾಲ್ಕಿ ಕಡೆಯಿಂದ ಬಂದ ಅಪ್ಪ ಬಜಾರಿನಲ್ಲಿ ಒಳಉಡುಪಿನ ಅಂಗಡಿ ಇಟ್ಟಿದ್ದ. ಬನಿಯನ್ನು, ಚಡ್ಡಿ, ಕಾಲುಚೀಲ, ಟವೆಲ್ಲು, ಹುಡುಗಿಯರ ಶಮೀಜು, ಹೆಂಗಸರ ಬಾಡಿ, ಚಳಿಗಾಲ ಬಂತೆಂದರೆ ಸ್ವೆಟರು, ಮಫ್ಲರು. ಅಂಗಡಿಯಲ್ಲಿ ಹಿಡಿಸದ ಪೆಟ್ಟಿಗೆಗಳು ಮನೆಗೆ ಬರುತ್ತಿದ್ದವು. ಮಂಚದ ಕೆಳಗೆ, ಕಿಟಕಿಯ ಬುಡದಲ್ಲಿ, ಹಿಟ್ಟಿನ ಡಬ್ಬಿಗಳ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳ ಸಾಲು. ನಾನು ಶಾಲೆಯ ಲೆಕ್ಕಗಳನ್ನು ಮಾಡುತ್ತಿದ್ದುದು ಅಂಥದೊಂದು ಪೆಟ್ಟಿಗೆಯ ಮೇಲೆ. ಅದರ ಒಂದು ಬದಿಗೆ ಬಾಡಿ ತೊಟ್ಟ ಹೆಂಗಸಿನ ಚಿತ್ರವಿತ್ತು. ಅಪ್ಪ ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದ. ಅವ್ವ ಕಸ ಗುಡಿಸುವಾಗ ಪೆಟ್ಟಿಗೆ ಸರಿಸಿದರೆ ಆ ಹೆಂಗಸು ಒಂದು ಗಳಿಗೆ ಹೊರಗೆ ಮುಖ ಹಾಕಿ ಮತ್ತೆ ಗೋಡೆಗೆ ಹೋಗುತ್ತಿದ್ದಳು. ಗುಡ್ಡದಾಚೆ ತೋಪಿನ ಅಭ್ಯಾಸ ನಡೆದ ದಿನ ಗೋಡೆಯ ಹಲಗೆಯ ಮೇಲಿನ ಸ್ಟೀಲಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು, ಹಾಲಿನ ಮೇಲಿನ ಕೆನೆ ಸುಕ್ಕಾಗುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಪಾತ್ರೆಗಳಿಗೆ ಹೇಳುವವಳಂತೆ, ‘ಇರ್ಲಿ ಇರ್ಲಿ, ಹೆದರಬ್ಯಾಡ್ರಿ’ ಎಂದು ಗೊಣಗುತ್ತಿದ್ದಳು.

ಆಯಿಯ ದಿನ ಲಿಂಗಪೂಜೆಯಿಂದ ಶುರುವಾಗುತ್ತಿತ್ತು. ನಮ್ಮಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ದೊಡ್ಡದಾದ ಮೇಲೆ ಗುರುಗಳಿಂದ ದೀಕ್ಷೆ. ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ನಾವು ನಾಲ್ವರೂ ಸಾಲಾಗಿ ಕೂರಬೇಕು. ಕೊರಳ ಶಿವದಾರದಲ್ಲಿ ಎದೆಯ ಮೇಲೆ ತೂಗುವ ಬೆಳ್ಳಿಯ ಗುಂಡಗಡಿಗೆಯನ್ನು ಹೊರತೆಗೆದು, ಅದರೊಳಗಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಒಂದು ಎಸಳು ಬಿಲ್ವಪತ್ರೆ ಏರಿಸಬೇಕು. ಅದಾಗುವ ತನಕ ಬಾಯಿಗೆ ನೀರಿಲ್ಲ. ಅದಕ್ಕಿಂತ ದೊಡ್ಡ ನೇಮ ಇನ್ನೆರಡು. ಲಿಂಗ ಮೈಮೇಲಿಂದ ಅಗಲಬಾರದು, ಮತ್ತೆ ಹೊಕ್ಕಳಿನಿಂದ ಕೆಳಗೆ ಇಳಿಯಬಾರದು. ಪೂಜೆಯ ಹೊತ್ತಿಗೆ ಅವ್ವ ಬಡಿದಿಟ್ಟ ರೊಟ್ಟಿಯ ವಾಸನೆ ಒಳಗಿಂದ ಬರುತ್ತಿತ್ತು. ನಾನು ಕಣ್ಣುಮುಚ್ಚಿ ಕೂತು ಶೇಂಗಾ ಹಿಂಡಿ, ಮೊಸರು, ಬಿಸಿ ರೊಟ್ಟಿಯ ಧ್ಯಾನವನ್ನೇ ಮಾಡುತ್ತಿದ್ದೆ. ಆಯಿಗೆ ಅದು ಗೊತ್ತಿತ್ತು. ‘ನಂದಾನ ಲಿಂಗಕ್ಕ ದಿನಾ ಹಿಂಡಿ ರೊಟ್ಟಿ ನೈವೇದ್ಯ’ ಎನ್ನುತ್ತಿದ್ದಳು. ನನ್ನ ಪೂರ್ತಿ ಹೆಸರು ಮಹಾನಂದಾ. ಮರಾಠಿ ಶಾಲೆಯಲ್ಲಿ ಅದು ನಂದಾ ಆಗಿ, ಮನೆಗೂ ಹಾಗೆಯೇ ಬಂದಿತ್ತು.

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ, ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ, ಮೈಯಲ್ಲಿ ಏನೋ ಶುರುವಾಯಿತು. ಎದೆಯಲ್ಲಿ ಎಳೆಯ ನೋವು. ಮುಟ್ಟಿದರೆ ಗಟ್ಟಿ. ಓಣಿಯ ಕೊನೆಯ ಮನೆಯ ಅಜ್ಜಿಯೊಬ್ಬಳು ಆ ವರ್ಷ ಎದೆಯಲ್ಲಿ ಗಡ್ಡೆಯಾಗಿ ತೀರಿಕೊಂಡಿದ್ದಳು, ಹೆಂಗಸರು ನಲ್ಲಿಯ ಹತ್ತಿರ ಅದನ್ನೇ ಪಿಸುಗುಡುತ್ತಿದ್ದರು. ನನಗೂ ಅದೇ ಬಂದಿದೆ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಅಪ್ಪ ತಂದುಕೊಟ್ಟ ಕಡುನೀಲಿ ಸ್ವೆಟರನ್ನು ಹಾಕಿಕೊಂಡೆ. ಆ ಸ್ವೆಟರು ಒಳ್ಳೆಯದು, ಒಳಗಿನದೆಲ್ಲವನ್ನೂ ಒಂದೇ ಸಮನೆ ಮುಚ್ಚಿಬಿಡುತ್ತಿತ್ತು. ಡಿಸೆಂಬರಿನಲ್ಲಿ ಎಲ್ಲ ಹುಡುಗಿಯರೂ ಸ್ವೆಟರಿನಲ್ಲಿದ್ದರು, ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ. ಹೋಳಿ ಬಂತು, ಉಳಿದವರೆಲ್ಲ ಬಿಚ್ಚಿದರು. ನಾನು ಬಿಚ್ಚಲಿಲ್ಲ. ಶಾಲೆಯಲ್ಲಿ ಹಗ್ಗದಾಟಕ್ಕೆ ಹೋಗುವುದನ್ನು ನಿಲ್ಲಿಸಿದೆ, ಪುಸ್ತಕಗಳನ್ನು ಎದೆಗವುಚಿ ಬೆನ್ನು ಬಗ್ಗಿಸಿ ನಡೆಯತೊಡಗಿದೆ. ಮಂಚದ ಕೆಳಗಿನ ಪೆಟ್ಟಿಗೆಯಿಂದ ಚಿಕ್ಕ ಹುಡುಗರ ಬಿಗಿ ಬನಿಯನ್ನೊಂದನ್ನು ಎತ್ತಿಕೊಂಡು ಫ್ರಾಕಿನ ಒಳಗೆ ತೊಟ್ಟೆ. ಬಿಗಿಯಾಗಿ ಒತ್ತಿಟ್ಟರೆ ಅದು ಒಳಗೇ ಹೋಗಿಬಿಡುತ್ತದೆ ಎಂದು ನನ್ನ ಲೆಕ್ಕ. ಆದರೆ ಬನಿಯನ್ನಿನ ಬಿಗಿಯಲ್ಲಿ ಗುಂಡಗಡಿಗೆ ಸಿಕ್ಕಿಕೊಂಡು ಸರಿಯಾಗಿ ನೋಯುವ ಜಾಗಕ್ಕೇ ಒತ್ತುತ್ತಿತ್ತು. ಓಡಿದರಂತೂ ಟಕ್ ಟಕ್ ಎಂದು ಬಡಿಯುತ್ತಿತ್ತು. ಒಂದು ದಿನ ಬಚ್ಚಲಿನಲ್ಲಿ ಶಿವದಾರದ ಗಂಟು ಬಿಚ್ಚಿ, ಶಾಲೆಯ ಕರಕುಶಲದ ದಾರವನ್ನು ಸೇರಿಸಿ, ಅದನ್ನು ಉದ್ದ ಮಾಡಿಕೊಂಡೆ. ಫ್ರಾಕಿನ ಮೇಲೆ, ಸ್ವೆಟರಿನ ಒಳಗೆ ಇಳಿಬಿಟ್ಟೆ, ಗುಂಡಗಡಿಗೆ ಹೊಟ್ಟೆಯ ಮೇಲೆ ಬಂತು. ಕೂತಾಗ ಇನ್ನೂ ಕೆಳಗೆ.

ಬನಿಯನ್ನು ಹೋದದ್ದು ಅಪ್ಪನಿಗೆ ಕೂಡಲೇ ಗೊತ್ತಾಯಿತು. ಸರಕಿನ ವಿಷಯದಲ್ಲಿ ಅವನ ಕಣ್ಣು ಅಂಥದು.

‘ಈ ಡಬ್ಬ್ಯಾಗಿಂದ ಒಂದು ಬನಿಯನ್ ಎಲ್ಲಿ ಹೋತು?’

‘ಇಲಿ ಒಯ್ದಿರಬೇಕ್ರಿ,’ ಎಂದಳು ಅವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

‘ಇಲಿಗಿ ಬನಿಯನ್ ಯಾಕ ಬೇಕು?’

‘ಈ ಬ್ಯಾಸಗ್ಯಾಗೂ ಅದಕ್ಕ ಚಳಿ ಇರಬೇಕ್ರಿ.’

ಅಪ್ಪ ಅವ್ವನ ಮುಖ ನೋಡಿದ, ನನ್ನ ಸ್ವೆಟರು ನೋಡಿದ, ಡಬ್ಬಿ ಮುಚ್ಚಿ ಅಂಗಡಿಗೆ ಹೊರಟುಬಿಟ್ಟ. ಇದು ಅಪ್ಪನ ವಿಚಿತ್ರ. ಅಂಗಡಿಯಲ್ಲಿ ಅವನಷ್ಟು ನಾಚಿಕೆಯಿಲ್ಲದ ಮನುಷ್ಯ ಇರಲಿಲ್ಲ. ಪಂಜಾಬು, ಬಿಹಾರ, ಗಢವಾಲ ಎಲ್ಲೆಲ್ಲಿಂದಲೋ ಬಂದ ಫೌಜಿ ಹೆಂಗಸರು ಅಂಗಡಿಯ ಮೆಟ್ಟಿಲ ಮೇಲೆ ತಡವರಿಸುತ್ತ ನಿಂತರೆ, ಇವನು ಒಮ್ಮೆ ಕತ್ತೆತ್ತಿ, ‘ಆಇಯೇ ಬಹೆನ್‌ಜೀ’ ಎಂದು, ಅವರು ಬಾಯಿ ಬಿಡುವ ಮೊದಲೇ ಸರಿಯಾದ ಅಳತೆಯ ಬಾಡಿಯ ಡಬ್ಬಿ ತೆಗೆದು ಗಾಜಿನ ಮೇಲೆ ಇಡುತ್ತಿದ್ದ. ಕೆಂಡದಂಥ ಅತ್ತೆಯರು ಜೊತೆಗಿದ್ದರೂ ಅವರ ಮುಂದೆಯೇ, ‘ಇದು ಆಗೋದಿಲ್ಲ, ಬಿಗೀತದೆ, ಅದನ್ನು ಒಯ್ಯಿರಿ’ ಎಂದು ಹಿಂದಿಯಲ್ಲಿ ಜೋಳ ಮಾರುವವನ ಹಾಗೆ ಹೇಳುತ್ತಿದ್ದ. ಅದೇ ಅಪ್ಪ ಮನೆಯಲ್ಲಿ ಅವ್ವನ ಸೀರೆ ತಂತಿಯ ಮೇಲಿದ್ದರೆ ಅದರ ಕೆಳಗೆ ಹಾಯದೆ ಸುತ್ತು ಹಾಕಿ ಹೋಗುವವನು.

ಅವ್ವನೂ ನನ್ನನ್ನು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಕೈಯಿಂದ ಒಂದು ಕೆಲಸ ಮಾಡಿದಳು. ಆ ಯುಗಾದಿಗೆ ಹೊಲಿದ ಫ್ರಾಕಿನ ಎದೆಯ ಭಾಗಕ್ಕೆ ನೆರಿಗೆ ಮೇಲೆ ನೆರಿಗೆ ಇಟ್ಟು, ಮೇಲೊಂದು ಝಾಲರು ಬಿಟ್ಟಿದ್ದಳು. ತೊಟ್ಟರೆ ನಾನು ಕೋಸಿನ ಗಡ್ಡೆಯ ಹಾಗೆ ಕಾಣುತ್ತಿದ್ದೆ, ಬಹಳ ಸಮಾಧಾನವಾಯಿತು. ನಾನು ನಾಚುತ್ತಿದ್ದೇನೆ ಎಂಬಷ್ಟು ಅವ್ವ ಕಂಡಿದ್ದಳು. ನೋವು ಅವಳಿಗೆ ಕಾಣಿಸಿರಲಿಲ್ಲ, ಹೆದರಿಕೆಯೂ. ಕೇಳಿದರೆ ಹುಡುಗಿ ಇನ್ನೂ ಮುದುಡಿಕೊಂಡಾಳು, ತಾನಾಗಿ ಬಂದು ಹೇಳಲಿ ಎಂದು ಕಾದಿದ್ದಳಂತೆ. ಎಷ್ಟೋ ವರ್ಷಗಳ ಮೇಲೆ ನನ್ನ ಮಗಳು ಆ ವಯಸ್ಸಿಗೆ ಬಂದು, ಏಪ್ರಿಲ್ಲಿನ ಸೆಕೆಯಲ್ಲಿ ಟೋಪಿಯಿರುವ ದಪ್ಪ ಜಾಕೀಟು ಹಾಕಿಕೊಂಡು ನಾಶಿಕದ ರಸ್ತೆಗಳಲ್ಲಿ ತಿರುಗುವಾಗ ನಾನು ಕಾಯಲಿಲ್ಲ. ‘ಏನಾಗ್ತಿದೆ, ಹೇಳು’ ಎಂದು ಕೇಳಿಯೇಬಿಟ್ಟೆ. ಆಕೆ, ‘ಮಮ್ಮೀ, ಪ್ಲೀಸ್’ ಎಂದು ಬಾಗಿಲು ಹಾಕಿಕೊಂಡಳು. ಅವ್ವನ ಕಾಯುವಿಕೆಯಲ್ಲೂ ಅರ್ಥವಿತ್ತು ಎಂದು ಆಗ ಅನ್ನಿಸಿತು. ಯಾವುದು ಸರಿಯಾದ ಹೊತ್ತು ಎಂದು ಯಾವ ತಾಯಿಗೂ ಮೊದಲೇ ಗೊತ್ತಾಗುವುದಿಲ್ಲ.

ನಾನು ಸ್ವೆಟರು ಬಿಚ್ಚದ ಆ ವರ್ಷದ ಮೇ ತಿಂಗಳಲ್ಲಿ ನನಗೆ ದೀಕ್ಷೆ ಕೊಡಿಸುವುದೆಂದು ನಿಶ್ಚಯವಾಯಿತು. ಅಪ್ಪನ ಅಕ್ಕ, ನನ್ನ ಅತ್ತಿ, ಈಗಿನ ಛತ್ರಪತಿ ಸಂಭಾಜಿನಗರದಲ್ಲಿದ್ದಳು. ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದೆವು. ಅವಳ ಮಗಳು ಶೋಭಾ ನನ್ನ ವಾರಿಗೆಯವಳು. ಊರ ಕಡೆಯಿಂದ ಸ್ವಾಮಿಗಳು ಅಲ್ಲಿಗೆ ಬರುವವರಿದ್ದರು, ಇಬ್ಬರು ಹುಡುಗಿಯರಿಗೂ ಒಟ್ಟಿಗೇ ಆಗಲಿ ಎಂದು ಅತ್ತಿ ಹೇಳಿ ಕಳಿಸಿದ್ದಳು. ಅಪ್ಪ ಅಂಗಡಿ ಮುಚ್ಚಿ ಹಿಂದಿನ ದಿನ ಸಂಜೆಗೆ ಬರುವುದು, ಅವ್ವ, ಆಯಿ, ನಾನು ಮೊದಲೇ ಹೋಗುವುದು ಎಂದಾಯಿತು. ಕೆಂಪು ಬಸ್ಸಿನ ಸೀಟು ಸುಡುತ್ತಿತ್ತು. ಯೇವಲಾ ದಾಟಿದ ಮೇಲೆ ಕಿಟಕಿಯಿಂದ ಬರುತ್ತಿದ್ದದ್ದು ಗಾಳಿಯಲ್ಲ, ಒಲೆಯ ಉಸಿರು. ನಾನು ಸ್ವೆಟರಿನಲ್ಲಿ ಕೂತಿದ್ದೆ, ಒಳಗೆ ಫ್ರಾಕು, ಅದರೊಳಗೆ ಬನಿಯನ್ನು. ವೈಜಾಪುರದಲ್ಲಿ ಹತ್ತಿದ ಹೆಂಗಸೊಬ್ಬಳು ಈರುಳ್ಳಿಯ ಚೀಲವನ್ನು ಕಾಲಡಿಗೆ ತಳ್ಳಿ, ನನ್ನ ಹಣೆ ಮುಟ್ಟಿ, ‘ತಾಪ ಆಲಾಯ್ ಕಾ ಪೋರೀಲಾ?’ ಎಂದು ಮರುಗಿದಳು.

‘ಜ್ವರ ಇಲ್ಲ ಬಾಈ, ಹಟ ಆಹೆ,’ ಎಂದಳು ಆಯಿ ತನ್ನ ಅರ್ಧ ಮರಾಠಿಯಲ್ಲಿ.

ಅತ್ತಿಯ ಮನೆ ಉದ್ದಕ್ಕೆ ಗಾಡಿಯ ಡಬ್ಬಿಯ ಹಾಗೆ ಒಂದರ ಹಿಂದೊಂದು ಕೋಣೆ. ಮುಂದಿನದರಲ್ಲಿ ಮಾವನ ಕಾಳಿನ ಅಂಗಡಿ, ನಡುವೆ ದೇವರ ಕಟ್ಟೆಯಿರುವ ಪಡಸಾಲೆ, ಹಿಂದೆ ಅಡುಗೆಮನೆ, ಅದರ ಪಕ್ಕಕ್ಕೆ ತೊಗರಿಬೇಳೆಯ ಚೀಲಗಳನ್ನು ಪೇರಿಸಿದ ಕತ್ತಲೆ ಕೋಣೆ. ಮನೆ ತುಂಬ ಮಾವಿನಹಣ್ಣಿನ ವಾಸನೆ. ಅತ್ತಿ ಬಲು ಪ್ರೀತಿಯ ಹೆಂಗಸು, ಆದರೆ ಅವಳ ಪ್ರೀತಿಗೆ ಧ್ವನಿ ದೊಡ್ಡದು. ನಾವು ಕಾಲು ತೊಳೆಯುವ ಮೊದಲೇ ಎರಡು ಜೊತೆ ಪರಕಾರ ಪೋಲಕಾ, ಅಂದರೆ ಲಂಗ ಕುಪ್ಪಸ, ತಂದು ಹಾಸಿದಳು. ಹಸಿರು ಖಣದ ಪೋಲಕಾ, ಕೆಂಪು ಅಂಚು.

‘ಇಬ್ಬರಿಗೂ ಒಂದೇ ಥರ ಹೊಲಿಸೀನಿ. ಶೋಭಾನ ಅಳತಿ ಕೊಟ್ಟೆ, ಇಬ್ಬರೂ ಒಂದೇ ವಾರಿಗಿಯವರಲ್ಲ? ಹಾಕ್ಕೋರಿ, ನೋಡಮು.’

ಶೋಭಾ ಕಡ್ಡಿಯಂತಿದ್ದಳು. ಕ್ಷಣದಲ್ಲಿ ತೊಟ್ಟು ಬಂದು ಕನ್ನಡಿಯ ಮುಂದೆ ಗಿರ್ರನೆ ತಿರುಗಿದಳು. ನಾನು ಆ ಪೋಲಕಾವನ್ನು ದೂರದಿಂದಲೇ ನೋಡಿದೆ. ಎದೆಗೆ ಅಂಟಿಕೊಳ್ಳುವ ಹಾಗೆ ಹೊಲಿದದ್ದು, ಸಾಲು ಗುಂಡಿ. ಅದನ್ನು ತೊಟ್ಟು, ಸ್ವೆಟರಿಲ್ಲದೆ, ಇಡೀ ಬಳಗದ ಮುಂದೆ ಮಣೆಯ ಮೇಲೆ ಕೂರಬೇಕು.

‘ನಂಗ ನಕೋ, ಬ್ಯಾಡ,’ ಎಂದೆ.

‘ನಕೋ ಅಂದ್ರ? ಮೊದಲ ಆ ಸ್ವೆಟರ್ ತಗಿ, ನೋಡಿದ್ರ ನನಗೇ ಸೆಕಿ ಆಗಲತ್ತದ,’ ಎಂದು ಅತ್ತಿ ನಗುತ್ತಲೇ ಸ್ವೆಟರಿನ ಅಂಚು ಹಿಡಿದಳು. ನಾನು ಎರಡೂ ಕೈಯಿಂದ ಕೆಳಗೆಳೆದೆ. ಆ ಜಗ್ಗಾಟದಲ್ಲಿ ಗುಂಡಗಡಿಗೆ ಸ್ವೆಟರಿನ ಕೆಳಗಿನಿಂದ ಜಾರಿ, ಪರಕಾರ ಕಟ್ಟುವ ಜಾಗಕ್ಕೂ ಕೆಳಗೆ, ಎಲ್ಲರ ಕಣ್ಣ ಮುಂದೆ ತೂಗಾಡಿತು.

ಅತ್ತಿ ಕೈ ಬಿಟ್ಟಳು. ಶೋಭಾ ತಿರುಗುವುದನ್ನು ನಿಲ್ಲಿಸಿದಳು.

‘ಅಯ್ಯ ಶಿವನೇ. ಹೊಕ್ಕಳ ಕೆಳಗ ಲಿಂಗ ಬಿಟ್ಟಾಳ ಹುಡುಗಿ. ಏ ನೀಲವ್ವ, ಇದನ್ನೇನು ಕಲಿಸೀದಿ? ನಾಳಿ ಅಲ್ಲ ನಾಡಿದ್ದು ದೀಕ್ಷಾ ಅದ ಅಕಿದು. ಕ್ಯಾಂಪಿನ ಗಾಳಿ ಹತ್ತೇದ. ಆ ಸಾಲ್ಯಾಗ ಹುಡುಗ್ಯಾರು ಏನರೆ ಅಂದಿರ್ಬೇಕು, ಇಕಿ ನಾಚಿಕೊಂಡು ಕೆಳಗ ಮುಚ್ಚಿಟ್ಟಾಳ,’ ಎಂದು ಅತ್ತಿ ಅವ್ವನ ಕಡೆ ತಿರುಗಿದಳು.

ಅವ್ವ, ‘ನೋಡಿರಲಿಲ್ರಿ ಅಕ್ಕಾರ’ ಎಂದಷ್ಟೇ ಹೇಳಿದಳು. ಆಯಿಯ ಮುಖ ಸಣ್ಣದಾಯಿತು. ನಾಶಿಕದಲ್ಲಿ ಇದ್ದೂ ಇದ್ದೂ ಮೊಮ್ಮಗಳು ಲಿಂಗಕ್ಕೆ ನಾಚುವವಳಾದಳು ಎಂದು ಅವಳೂ ನಂಬಿದ್ದು ಕಾಣಿಸಿತು. ಅತ್ತಿ ನನ್ನನ್ನು ಹತ್ತಿರಕ್ಕೆಳೆದು, ನಾನು ಸೇರಿಸಿದ್ದ ದಾರವನ್ನು ಹರಿದು, ಶಿವದಾರವನ್ನು ಮೊದಲಿಗಿಂತಲೂ ಗಿಡ್ಡ ಮಾಡಿ ಗಂಟು ಹಾಕಿ, ಗುಂಡಗಡಿಗೆಯನ್ನು ಎದೆಯ ಮೇಲೆ ಸರಿಯಾಗಿ ಕೂಡಿಸಿ ಅಂಗೈಯಿಂದ ಒಮ್ಮೆ ತಟ್ಟಿದಳು. ಪ್ರೀತಿಯಿಂದಲೇ ತಟ್ಟಿದಳು. ಪೆಟ್ಟು ಸರಿಯಾಗಿ ನೋಯುವ ಜಾಗಕ್ಕೇ ಬಿತ್ತು. ಕಿರುಚಿದೆ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಶಿವದಾರವನ್ನು ತಲೆಯ ಮೇಲಿಂದ ತೆಗೆದು ದೇವರ ಕಟ್ಟೆಯ ಮೇಲಿಟ್ಟು, ಬೇಳೆಯ ಕೋಣೆಗೆ ಹೋಗಿ ಚೀಲಗಳ ಸಂದಿಯಲ್ಲಿ ಕೂತೆ.

ನಮ್ಮಂಥ ಮನೆಯಲ್ಲಿ ಇದಕ್ಕಿಂತ ದೊಡ್ಡದನ್ನು ಒಂದು ಮಗು ಮಾಡಲಾರದು. ಕೋಣೆಯ ಬಾಗಿಲಾಚೆ ಎಲ್ಲವೂ ಕೇಳಿಸುತ್ತಿತ್ತು. ಅತ್ತಿ ಕರೆದಳು, ಗದರಿಸಿದಳು, ಮಾವಿನಹಣ್ಣಿನ ಶೀಕರಣಿ ಮಾಡೀನಿ ಬಾ ಎಂದಳು. ಆಯಿಯ ಮಾತು ಒಂದೇ.

‘ಲಿಂಗ ಮೈಮ್ಯಾಲ ಬರೋ ತನಕ ಅಕಿ ನೀರು ಕುಡಿಯೋ ಹಂಗಿಲ್ಲ. ಅಕಿ ಕುಡಿಯೋ ತನಕ ನನಗೂ ಬ್ಯಾಡ.’

‘ಅವ್ವಾ, ಈ ಬಿಸಿಲಾಗ ನೀ ಯಾಕ ಹಟ ಹಿಡೀಲತಿ? ಮೊಮ್ಮಗಳಿಗಿ ಹೇಳ್ತಿ, ನೀನೂ ಅಂಥಾಕಿನೇ,’ ಎಂದಳು ಅತ್ತಿ ತನ್ನ ತಾಯಿಗೆ.

‘ಇರ್ಲಿ.’

ಮಧ್ಯಾಹ್ನ ಏರಿತು. ಊಟದ ತಾಟುಗಳ ಸದ್ದು ಬರಲಿಲ್ಲ. ಆಯಿ ಉಣ್ಣದೆ ಮಿಕ್ಕವರು ಹೇಗೆ ಉಣ್ಣುತ್ತಾರೆ. ಶೋಭಾ ಮೆಲ್ಲನೆ ಬಾಗಿಲು ಸರಿಸಿ ಒಂದು ಲೋಟ ನೀರು ತಂದಳು. ಮಣ್ಣಿನ ಗಡಿಗೆಯ ನೀರು, ಲೋಟದ ಹೊರಗೆಲ್ಲ ಬೆವರು.

‘ಕುಡಿ. ಯಾರಿಗೂ ಹೇಳಂಗಿಲ್ಲ.’

‘ಆಯಿ ಕುಡುದಾಳೇನು?’

‘ಇಲ್ಲ. ಗ್ವಾಡಿಗಿ ಆನಿಕೊಂಡು ಕುಂತಾಳ. ಮೊದಲ ಇದು ಹೇಳು, ನೀ ಕ್ರಿಶ್ಚನ್ ಆಗಾಕಿ ಏನು? ನಮ್ಮವ್ವ ಅಪ್ಪಾಜಿ ಮುಂದ ಹಂಗೇ ಅನ್ನಲತಿದ್ಳು.’

‘ಹುಚ್ಚಿ.’

‘ಮತ್ತ ಆ ಪೋಲಕಾ ಎಷ್ಟ ಛಂದ ಅದ. ನಿಂಗ ಬ್ಯಾಡಂದ್ರ ಎರಡೂ ನನಗೇ ಆಗ್ತಾವ,’ ಎಂದು, ನಾನು ಮುಟ್ಟದ ಲೋಟವನ್ನು ಅವಳೇ ಗಟಗಟ ಕುಡಿದು ಹೋದಳು.

ಆಮೇಲೆ ಅವ್ವ ಬಂದಳು. ಕೈಯಲ್ಲಿ ಹಸಿರು ಪೋಲಕಾ, ಹೊಲಿಗೆ ಬಿಚ್ಚುವ ಅರ್ಧ ಬ್ಲೇಡು. ನನ್ನ ಎದುರಿಗೆ ಕೂರದೆ ಪಕ್ಕದಲ್ಲಿ ಬೇಳೆಯ ಚೀಲಕ್ಕೆ ಒರಗಿ ಕೂತು, ಗವಾಕ್ಷಿಯ ಬೆಳಕಿಗೆ ಬಟ್ಟೆ ಹಿಡಿದು, ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ನನ್ನ ಮುಖ ನೋಡಲಿಲ್ಲ.

‘ದೇವರ ಮ್ಯಾಲ ಸಿಟ್ಟೇನು ನಿನಗ?’

ನಾನು ಇಲ್ಲವೆಂದು ತಲೆಯಾಡಿಸಿದೆ.

‘ಸಾಲ್ಯಾಗ ಯಾರರೆ ಲಿಂಗ ನೋಡಿ ನಕ್ಕರೇನು?’

‘ಇಲ್ಲ.’

‘ಮತ್ತ ಶಿವದಾರ ಯಾಕ ಉದ್ದ ಮಾಡಿದಿ? ಬಯ್ಯಲ್ಲ. ಗೊತ್ತಾಗ್ಲಿ ಅಂತ ಕೇಳಲತೀನಿ.’

ಹೇಳಲು ನನ್ನಲ್ಲಿ ಕನ್ನಡ ಇರಲಿಲ್ಲ. ಮನೆಯ ಕನ್ನಡದಲ್ಲಿ ಊಟವಿತ್ತು, ದೇವರಿದ್ದ, ನೆಂಟರಿದ್ದರು. ಈ ಜಾಗದ ಮಾತು ಯಾರೂ ನನ್ನ ಮುಂದೆ ಆಡಿರಲಿಲ್ಲ. ‘ದುಖತಂಯ್,’ ಎಂದೆ ಮರಾಠಿಯಲ್ಲಿ. ನೋಯ್ತದ ಎಂದು.

ಬ್ಲೇಡು ನಿಂತಿತು. ‘ಎಲ್ಲಿ?’

ಸ್ವೆಟರಿನ ಮೇಲೆ ಕೈ ಇಟ್ಟೆ. ‘ಗುಂಡಗಡಗಿ ಬಡೀತದ. ಓಡಿದ್ರ ಬಡೀತದ. ಒಳಗ ಗಡ್ಡಿ ಆಗೇದ ಅವ್ವಾ. ಆ ಮೂಲಿಮನಿ ಅಜ್ಜಿಗಿ ಆಗಿತ್ತಲ್ಲ, ಹಂಗ.’

ಅವ್ವ ಪೋಲಕಾವನ್ನು ಮಡಿಲಲ್ಲಿ ಬಿಟ್ಟಳು. ನಗಲಿಲ್ಲ, ನಕ್ಕಿದ್ದರೆ ನಾನು ಮತ್ತೆ ಯಾವತ್ತೂ ಅವಳಿಗೆ ಏನೂ ಹೇಳುತ್ತಿರಲಿಲ್ಲ ಅನ್ನಿಸುತ್ತದೆ. ಸೆರಗಿನಿಂದ ನನ್ನ ಕೊರಳ ಬೆವರು ಒರೆಸಿದಳು. ಅಲ್ಲಿ ಬೆವರುಸಾಲೆ ಎದ್ದಿತ್ತು.

‘ಇಷ್ಟು ದಿನ ಅದನ್ನ ಒಬ್ಬಾಕಿನೇ ಹೊತಗೊಂಡು ತಿರಗಿದ್ಯಾ? ಅದು ಬ್ಯಾನಿ ಅಲ್ಲವ್ವ. ಮೈ ಬೆಳೀಲತ್ತದ. ಎಲ್ಲಾ ಹೆಣ್ಣುಮಕ್ಕಳಿಗೂ ಹಿಂಗೇ ಶುರು ಆಗ್ತದ, ಮೊದಲ ಮೊದಲ ನೋಯ್ತದ, ಆಮ್ಯಾಲ ಕಡಿಮಿ ಆಗ್ತದ. ನನಗೂ ಆಗಿತ್ತು. ನಾ ನಮ್ಮ ಅಪ್ಪನ ರುಮಾಲ ಸುತ್ತಿಕೊಂಡಿದ್ದೆ, ನೀ ಬನಿಯನ್ ಕದ್ದಿ. ನನಗ ಆ ನೋವು ಮರ್ತೇ ಹೋಗಿತ್ತು, ನೋಡು.’

‘ಶೋಭಾಗ ಯಾಕಿಲ್ಲ?’

‘ನಮ್ಮ ಓಣಿಗಿ ನಸಕಿನ್ಯಾಗ ನಳ ಬರ್ತದ, ಹಿಂದಿನ ಓಣಿಗಿ ಮಧ್ಯಾಹ್ನ ಬರ್ತದ. ಬರೋದಂತೂ ಎಲ್ಲರಿಗೂ ಬರ್ತದ. ಅಕಿಗೂ ಬರ್ತದ.’

ನನಗೆ ಅಳು ಬಂತು. ಸಾಯುವುದಿಲ್ಲ ಎಂದು ತಿಳಿದದ್ದಕ್ಕೆ ಬಂದ ಅಳು. ಅವ್ವ ಅದು ಮುಗಿಯುವ ತನಕ ಮತ್ತೆ ಹೊಲಿಗೆ ಬಿಚ್ಚುತ್ತ ಕೂತಳು. ಆಮೇಲೆ ಪೋಲಕಾದ ಪಕ್ಕಗಳನ್ನು ಅಗಲಿಸಿ ಹಿಡಿದಳು.

‘ಹೇಳು, ನಿನಗ ಹೆಂಗ ಬೇಕು. ಎಷ್ಟು ಸಡಿಲ ಇರ್ಬೇಕು?’

ನನ್ನ ಬಟ್ಟೆಯನ್ನು ಅವಳು ಎಂದಿನಿಂದಲೂ ಹೊಲಿಯುತ್ತಿದ್ದಳು, ಆದರೆ ಈ ಪ್ರಶ್ನೆ ಅದೇ ಮೊದಲು. ನಾನು ಎರಡು ಕೈ ಅಗಲಿಸಿ ತೋರಿಸಿದೆ. ಅವಳು ನಕ್ಕಳು. ‘ಅಷ್ಟ ಸಡಿಲ ಆದ್ರ ಒಳಗ ಶೋಭಾನೂ ಹಿಡಿಸ್ತಾಳ.’ ನಾನು ಕೈಗಳನ್ನು ಸ್ವಲ್ಪ ಹತ್ತಿರ ತಂದೆ. ಅವಳು ಗುರುತು ಹಾಕಿಕೊಂಡಳು. ಮೇಲೆ ಹೊದೆಯಲು ತನ್ನ ಹಳೆ ಸೀರೆಯಿಂದ ಒಂದು ತೆಳು ಓಢಣಿಯನ್ನೂ ಮಾಡಿಕೊಡುತ್ತೇನೆಂದಳು, ಬೇಕೆನಿಸಿದರೆ ಹೊದ್ದುಕೊ, ಬ್ಯಾಡೆನಿಸಿದರೆ ಬಿಡು ಎಂದು.

‘ಯಾರಿಗೂ ಹೇಳಬ್ಯಾಡ,’ ಎಂದೆ.

‘ಆಯಿಗಿ ಹೇಳ್ಬೇಕಾಗ್ತದ. ನೀರು ಬಿಟ್ಟು ಕುಂತಾಳ ಅಕಿ. ಹೇಳ್ಲೇನು?’

ಯೋಚಿಸಿ, ಹೂಂ ಎಂದೆ.

‘ಅತ್ತಿಗಿ?’

‘ಬ್ಯಾಡ.’

‘ಆಯ್ತು,’ ಎಂದು ಎದ್ದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆಯಿಯ ಎದುರು ಎಂದೂ ಬೇಕಾದಷ್ಟೇ ಮಾತಾಡುವ ಅವ್ವ ಈಗ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಕಿವಿಗೆ ಬಾಯಿ ಹಚ್ಚಿ ಏನೋ ಹೇಳಿದಳು. ಆಯಿ ಮೊದಲು ‘ಆಂ?’ ಎಂದಳು, ಕಿವಿ ಸ್ವಲ್ಪ ಮಂದ. ಅವ್ವ ಮತ್ತೆ ಹೇಳಿದಳು. ಆಯಿ ಗೋಡೆಗೆ ಒರಗಿದ್ದ ಬೆನ್ನನ್ನು ಎತ್ತಿದಳು. ಬೇಸಿಗೆಯಲ್ಲಿ ಮನೆಯೊಳಗೆ ಕುಪ್ಪಸ ತೊಡದೆ ಬರೀ ಸೆರಗಿನಲ್ಲಿ ಓಡಾಡುವ ಹೆಂಗಸು ಅವಳು. ನನ್ನ ಗೆಳತಿಯರು ಬಂದರೆ ನಾನೇ ನಾಚಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ತನ್ನ ಮೈ ಅವಳಿಗೆ ಯಾವತ್ತೂ ಒಂದು ವಿಷಯವೇ ಆಗಿರಲಿಲ್ಲ. ಅಂಥವಳು ನನ್ನ ಭಯವನ್ನು ಏನೆಂದು ತಿಳಿಯುತ್ತಾಳೋ ಎಂದು ಉಸಿರು ಹಿಡಿದಿದ್ದೆ. ಆಯಿ ಎದ್ದು ತನ್ನ ಗಂಟು ಬಿಚ್ಚಿ, ತೊಳೆದು ತೊಳೆದು ಹತ್ತಿಯಂತಾಗಿದ್ದ ಒಂದು ಬಿಳಿ ಸೀರೆಯ ಅಂಚಿನಿಂದ ಉದ್ದನೆಯ ತುಂಡು ಹರಿದಳು. ದೇವರ ಕಟ್ಟೆಯಿಂದ ನನ್ನ ಗುಂಡಗಡಿಗೆ ತೆಗೆದುಕೊಂಡು ಲಿಂಗವನ್ನು ಹೊರತೆಗೆದು, ಆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ನಾನಿದ್ದಲ್ಲಿಗೆ ಬಂದಳು. ಬಲ ಹೆಗಲ ಮೇಲಿಂದ ಬಟ್ಟೆ ಹಾಯಿಸಿ, ಲಿಂಗದ ಗಂಟು ಎಡ ಕಂಕುಳ ಕೆಳಗೆ ಬರುವಂತೆ ಕಟ್ಟಿದಳು. ಹಕ್ಕಿಮರಿ ಇಟ್ಟಷ್ಟು ಹಗುರ. ಎಲ್ಲೂ ತಾಗಲಿಲ್ಲ.

ಅತ್ತಿ ಬಾಗಿಲಲ್ಲಿ ನಿಂತಿದ್ದಳು. ‘ಇದೇನವ್ವಾ ಹೊಸಾದು?’

‘ಹಳೇದೇ. ನಮ್ಮಪ್ಪ ಹೊಲದಾಗ ರಂಟಿ ಹೊಡಿಯೋ ಮುಂದ ಹಿಂಗೇ ಕಟ್ಟತಿದ್ದ. ಬಗ್ಗಿದ್ರ ಬಡೀಬಾರ್ದು ಅಂತ.’

‘ಅದು ಗಂಡಸರಿಗಿ. ಹುಡುಗ್ಯಾರು ಎಲ್ಲರೆ ಹಿಂಗ ಕಟ್ಟತಾರ?’

‘ಲಿಂಗಕ್ಕ ಗಂಡು ಹೆಣ್ಣು ಗೊತ್ತದೇನು? ಹೊಕ್ಕಳ ಮ್ಯಾಲ ಅದ, ಮೈಮ್ಯಾಲ ಅದ. ಹೋಗು, ನೀರ ತಾ. ನನ್ನ ಗಂಟಲಾ ಒಣಗೇದ.’

ನಾವಿಬ್ಬರೂ ಒಟ್ಟಿಗೆ ಕುಡಿದೆವು. ಆಯಿ ಕುಡಿಯುವಾಗ ಗಂಟಲಿನ ಎಲುಬು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ನಾನೂ ಕುಡಿದೆ. ಆಮೇಲಿನ ಶೀಕರಣಿಯ ರುಚಿ ಹೇಳುವುದಿಲ್ಲ. ಹೊತ್ತು ಮೀರಿದ ಹಸಿವಿಗೆ ಎಲ್ಲವೂ ಅಮೃತ, ಆದರೂ ಅದರಲ್ಲಿ ಅತ್ತಿ ಯಾಲಕ್ಕಿ ಸ್ವಲ್ಪ ಜಾಸ್ತಿಯೇ ಹಾಕಿದ್ದಳು ಎಂಬುದು ನೆನಪಿದೆ.

ಮರುದಿನ ಸಂಜೆಯ ಬಸ್ಸಿಗೆ ಅಪ್ಪ ಬಂದ. ಕಾಲು ತೊಳೆದು, ಚಹಾ ಕುಡಿದು, ಮಾವನ ಜೊತೆ ತೊಗರಿಯ ದರ ಮಾತಾಡಿ, ಎಲ್ಲರೂ ಆಚೀಚೆ ಆದ ಮೇಲೆ ಚೀಲದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು, ಕಿಟಕಿಯ ಕಡೆ ನೋಡುತ್ತ, ಅವ್ವನ ಕೈಗಿಟ್ಟ. ಒಳಗೆ ಬಿಳಿ ಹತ್ತಿಯ ಶಮೀಜುಗಳು. ಮೆತ್ತಗಿನವು, ಹೊಲಿಗೆ ಹೊರಮೈಗೆ ಬಂದಿರುವಂಥವು, ಒಳಗೆ ಚುಚ್ಚುವುದಿಲ್ಲ.

‘ಮೂರು ಯಾಕ್ರಿ? ಮೂರೂ ಬ್ಯಾರೆ ಬ್ಯಾರೆ ಅಳತೀವು ಅವ.’

‘ಯಾವದು ಆಗ್ತದೋ ತಿಳೀಲಿಲ್ಲ,’ ಎಂದ ಅಪ್ಪ. ಅವನ ಕಿವಿಗಳು ಕೆಂಪಾಗಿದ್ದವು. ‘ಹೋಳಿ ಆದಾಗಿಂದ ತಗದಿಟ್ಟಿದ್ದೆ. ಹೆಂಗ ಕೊಡಬೇಕು ಗೊತ್ತಾಗ್ಲಿಲ್ಲ. ಅಕಿಗಿ ಬ್ಯಾಡಂದ್ರ ವಾಪಸ್ ತಾ.’

ವಾಪಸ್ಸು ಹೋಗಲಿಲ್ಲ. ನಡುವಿನದು ಸರಿಹೋಯಿತು, ದೊಡ್ಡದನ್ನು ಅವ್ವ ಮುಂದಕ್ಕೆ ಎತ್ತಿಟ್ಟಳು. ಬೆಳಿಗ್ಗೆ ಬನಿಯನ್ನಿಲ್ಲದೆ, ಸ್ವೆಟರಿಲ್ಲದೆ, ಶಮೀಜಿನ ಮೇಲೆ ಸಡಿಲ ಮಾಡಿದ ಹಸಿರು ಪೋಲಕಾ ತೊಟ್ಟು, ಓಢಣಿ ಹೊದ್ದು ಹೊರಬಂದಾಗ ಮೈಗೆ ಗಾಳಿ ತಾಗಿತು. ಚಳಿಗಾಲದಿಂದ ಈಚೆಗೆ ಅದೇ ಮೊದಲು. ಬೆನ್ನು ಇನ್ನೂ ಬಗ್ಗಿಯೇ ಇತ್ತು. ಅದು ಒಂದು ದಿನಕ್ಕೆ ನೆಟ್ಟಗಾಗಲಿಲ್ಲ, ವರ್ಷಗಳೇ ಹಿಡಿದವು.

ಪಡಸಾಲೆ ತುಂಬ ಜನ. ವಿಭೂತಿ, ಊದಿನಕಡ್ಡಿ, ಕರಿದ ಕಡಬಿನ ಎಣ್ಣೆ ಎಲ್ಲ ಸೇರಿದ ವಾಸನೆ. ಶೋಭಾಳನ್ನೂ ನನ್ನನ್ನೂ ಅಕ್ಕಪಕ್ಕದ ಮಣೆಗಳ ಮೇಲೆ ಕೂರಿಸಿದರು. ಸ್ವಾಮಿಗಳು ವಯಸ್ಸಾದವರು, ಪ್ರಯಾಣದಿಂದ ಗಂಟಲು ಕಟ್ಟಿತ್ತು, ನಡುನಡುವೆ ಕೆಮ್ಮುತ್ತಿದ್ದರು. ಮೊದಲು ನನ್ನ ಸರದಿ. ನನ್ನ ಕಿವಿಯಲ್ಲಿ ಮಂತ್ರ ಹೇಳಿ, ಪೂಜೆ ಮಾಡಿಸಿದ ಲಿಂಗವನ್ನು ನನ್ನ ಅಂಗೈಯಿಂದ ಎತ್ತಿಕೊಂಡರು. ಪಕ್ಕದಲ್ಲಿದ್ದ ಬಿಳಿ ಬಟ್ಟೆ ನೋಡಿದರು, ಖಾಲಿ ಗುಂಡಗಡಿಗೆ ನೋಡಿದರು.

‘ಇದೇನು, ಯಾವದರಾಗ ಕಟ್ಟಬೇಕು?’

ಅತ್ತಿ ಬಾಯಿ ತೆರೆದಳು. ‘ಸ್ವಾಮೇರ, ಹುಡುಗಿ ಸಣ್ಣದದ, ತಿಳಿಯಂಗಿಲ್ಲ. ನಮ್ಮ ಅವ್ವನೂ ಅಕಿ ಹೇಳ್ದಂಗ ಕುಣೀಲತಾಳ. ನೀವು ಎದೀ ಮ್ಯಾಲೇ ಕಟ್ಟಿಬಿಡ್ರಿ.’

ಅವ್ವ ಕಂಬದ ಪಕ್ಕದಲ್ಲಿ ನಿಂತಿದ್ದಳು. ಅವಳು ನನ್ನ ಪರವಾಗಿ ಮಾತಾಡುತ್ತಾಳೆಂದು ನೋಡಿದೆ. ಅವಳು ನನ್ನನ್ನೇ ನೋಡುತ್ತ ನಿಂತಳು, ಬೇಳೆಯ ಕೋಣೆಯಲ್ಲಿ ಪೋಲಕಾ ಅಗಲಿಸಿ ಹಿಡಿದು ಕೇಳಿದಾಗಿನ ಹಾಗೆಯೇ. ಸ್ವಾಮಿಗಳು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

‘ದೀಕ್ಷಾ ತಗೊಂಡಾಕಿ ಅಕಿ. ಅಕಿನ್ನೇ ಕೇಳಮು. ಯವ್ವಾ, ಎಲ್ಲಿ ಕಟ್ಟಲಿ?’

ಇಷ್ಟು ಜನ ಒಟ್ಟಿಗೆ ನನ್ನನ್ನು ನೋಡುವುದಕ್ಕೇ ನಾನು ಇಡೀ ಬೇಸಿಗೆ ಹೆದರಿದ್ದೆ. ಕಾಲಿನ ಬೆರಳುಗಳು ಮಣೆಗೆ ಒತ್ತಿಕೊಂಡವು. ಓಢಣಿಯನ್ನು ಹೆಗಲಿಂದ ಸರಿಸಿ, ಎಡಗೈಯನ್ನು ಸ್ವಲ್ಪ ಎತ್ತಿ ತೋರಿಸಿದೆ.

‘ಇಲ್ಲಿರಿ.’

‘ಆಗ್ಲಿ,’ ಎಂದು ಸ್ವಾಮಿಗಳು ಬಟ್ಟೆಯನ್ನು ಬಲ ಹೆಗಲ ಮೇಲಿಂದ ಹಾಯಿಸಿ ಕಟ್ಟಿದರು. ಆಯಿಯಷ್ಟು ಚೆನ್ನಾಗಿ ಬರಲಿಲ್ಲ, ಆಯಿ ಹಿಂದಿನಿಂದ ಕೈ ಚಾಚಿ ಗಂಟನ್ನು ಬಿಗಿ ಮಾಡಿದಳು. ‘ಮುಂದ ಬ್ಯಾರೆ ಕಡಿ ಬೇಕನಸಿದ್ರ ಅಲ್ಲಿ ಕಟ್ಕೊ ಯವ್ವಾ. ಬಿಡಬ್ಯಾಡ, ಅಷ್ಟೇ,’ ಎಂದು ಅವರು ಶೋಭಾಳ ಕಡೆ ತಿರುಗಿದರು.

ಅವಳ ಮಂತ್ರ, ಪೂಜೆ ಮುಗಿಯಿತು. ಅತ್ತಿ ಮುಂದೆ ಬಂದು ರೂಢಿಯಂತೆ ಮಗಳ ಶಿವದಾರ ಹಿಡಿದು ಗುಂಡಗಡಿಗೆಯನ್ನು ಪೋಲಕಾದ ಒಳಗೆ ಇಳಿಬಿಡಲು ಹೋದವಳು, ಅರ್ಧದಲ್ಲಿ ಕೈ ನಿಲ್ಲಿಸಿದಳು. ಒಮ್ಮೆ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಕೂಡುವವರ ಮುಖ ಇರುತ್ತದಲ್ಲ, ಹಾಗಿತ್ತು.

‘ಏ ಶೋಭಾ,’ ಎಂದಳು, ಅವಳ ದೊಡ್ಡ ಧ್ವನಿ ಅಂದು ಎಲ್ಲಿಗೋ ಹೋಗಿತ್ತು. ‘ನಿನಗ ಎಲ್ಲಿ ಬೇಕು?’

ಶೋಭಾ ಕ್ಷಣವೂ ತಡಮಾಡಲಿಲ್ಲ.

‘ಮ್ಯಾಲ. ಪೋಲಕಾದ ಮ್ಯಾಲ. ಎಲ್ಲರಿಗೂ ಕಾಣ್ಬೇಕು.’

ಜನ ಗೊಳ್ಳೆಂದರು, ಸ್ವಾಮಿಗಳು ನಗುತ್ತಲೇ ಕೆಮ್ಮಿದರು. ಅತ್ತಿ ಗುಂಡಗಡಿಗೆಯನ್ನು ಹೊರಗೆಳೆದು, ಸೆರಗಿನ ತುದಿಯಿಂದ ತಿಕ್ಕಿ ಹೊಳೆಯುವಂತೆ ಮಾಡಿ, ಹಸಿರು ಖಣದ ನಟ್ಟನಡುವೆ ಇಟ್ಟು, ಸರಿಯಾಯಿತೇ ಎಂದು ಮಗಳ ಮುಖ ನೋಡಿದಳು.